ಜಯರಾಮಯ್ಯನವರ ಅಪ್ಲೈಡ್ ಮ್ಯಾಥ್ಸ್

ಗುಬ್ಬಿಯ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದ ಜಯರಾಮಯ್ಯನವರು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ತುಮಕೂರಿನ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮೊದಲನೇ ವರ್ಷದ ತರಗತಿಯಲ್ಲಿ ಕೂತುಕೊಂಡರು. ಲೆಕ್ಕವೆಂದರೆ ಅವರಿಗೆ ಹುಟ್ಟಿದಾಗಿನಿಂದ ಆಗುತ್ತಿರಲಿಲ್ಲ. ಲೋಯರ್ ಸೆಕೆಂಡರಿ ಪರೀಕ್ಷೆಗೆ ಮೂರು ಸಲ ಕಟ್ಟಿದ್ದರು. ಮೂರನೆಯ ಸಲ ಪರೀಕ್ಷಕರಿಗೇ ಬೇಸರವಾಗಿ ಪಾಸು ಮಾಡಿದರೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಅಂಥವರು ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ತರಗತಿಯಲ್ಲಿ ಕೂರುವಂತಾದದ್ದು ಸೊಸೆ ಅಂಬುಜಳ ಕಾರಣದಿಂದ.

ಮಗ ಪಟ್ಟಾಭಿರಾಮ ಹಿಂದಿನ ವರ್ಷ ಅದೇ ಕಾಲೇಜಿಗೆ, ಅದೇ ತರಗತಿಗೆ ಸೇರಿದ್ದ. ಆಗ ಮದುವೆಯಾಗಿ ಒಂದು ತಿಂಗಳಾಗಿತ್ತು. ಆಗಸ್ಟಿನಲ್ಲಿ ಕಾಮಾಲೆ ಬಂತು. ಹನ್ನೆರಡು ದಿನ ಮಲಗಿದ. ಆಮೇಲೆ ಮನೆಯಲ್ಲಿ ಉಳಿದವರು ಮೂವರು: ಜಯರಾಮಯ್ಯ, ಹೆಂಡತಿ ಕೌಸಲ್ಯಮ್ಮ, ಹತ್ತೊಂಬತ್ತು ವರ್ಷದ ಅಂಬುಜ. ಅಂಬುಜ ತಂದೆತಾಯಿಯಿಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದು, ಹೇಗೋ ಪಿ.ಯು.ಸಿ. ಮುಗಿಸಿದ್ದ ಹುಡುಗಿ. ಒಂಬತ್ತು ತಿಂಗಳು ಒಲೆಯ ಮುಂದೆ, ಬಾವಿಯ ಮುಂದೆ ಮಾತಿಲ್ಲದೆ ಓಡಾಡಿಕೊಂಡಿದ್ದವಳು, ಒಂದು ದಿನ ಮಾವನಿಗೆ ಮಜ್ಜಿಗೆ ಬಡಿಸುತ್ತಾ ಕೇಳಿದಳು:

"ಮಾವ, ನಾನು ಮುಂದಕ್ಕೆ ಓದ್ಲಾ?"

ಜಯರಾಮಯ್ಯನವರು ಯಾವ ಪ್ರಶ್ನೆಗೂ ತಕ್ಷಣ ಉತ್ತರ ಕೊಟ್ಟವರಲ್ಲ. ಕುಣಿಗಲ್ಲಿನ ಅಣ್ಣ ಸೀತಾರಾಮಯ್ಯನವರಿಗೆ ಒಂದು ಕಾರ್ಡು ಬರೆದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿದ್ದ ಅಣ್ಣ ಮೂರನೆಯ ದಿನವೇ ಬಸ್ಸಿಳಿದರು.

"ಓದ್ಲಿ, ನಾನು ಬೇಡ ಅನ್ನಲ್ಲ. ಆದ್ರೆ ವಿಧವೆ ಹುಡುಗಿ ಒಬ್ಬಳೇ ರೈಲಲ್ಲಿ ಹೋಗಿ, ನಲವತ್ತು ಗಂಡು ಹುಡುಗರ ಮಧ್ಯೆ ಕೂತ್ಕೊಂಡು ಬರೋದು ಅಂದ್ರೆ, ನಾಳೆ ಕುಣಿಗಲ್‌ನಲ್ಲಿ ನಾನು ತಲೆ ಎತ್ಕೊಂಡು ಓಡಾಡ್ಬೇಕೋ ಬೇಡ್ವೋ?" ಎಂದರು.

ಅಂಬುಜ ಗುಬ್ಬಿಯಿಂದ ತುಮಕೂರಿಗೆ ಹೋದರೆ ಕುಣಿಗಲ್ಲಿನಲ್ಲಿ ಇವರ ತಲೆ ಯಾಕೆ ತಗ್ಗಬೇಕೆಂದು ಯಾರೂ ಕೇಳಲಿಲ್ಲ. ಅವರನ್ನು ಪ್ರಶ್ನಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

"ಹಾಗಾದ್ರೆ ನಾನೂ ಜೊತೆಗೆ ಹೋಗ್ತೀನಿ," ಎಂದರು ಜಯರಾಮಯ್ಯ.

"ಎಲ್ಲಿಗೆ?"

"ಕಾಲೇಜಿಗೆ."

ಅಣ್ಣ ಏನೋ ಹೇಳಲು ಬಾಯಿ ತೆರೆದವರು, ಇದು ಆಗುವ ಕೆಲಸವಲ್ಲವೆಂದು ಧೈರ್ಯ ತಂದುಕೊಂಡು ಒಪ್ಪಿಬಿಟ್ಟರು.

ಆದರೆ ಆಯಿತು. ಆಗಿನ ಪ್ರಿನ್ಸಿಪಾಲರು ಮೃದು ಸ್ವಭಾವದ ಮುದುಕರು. ವಿಷಯವೆಲ್ಲ ಕೇಳಿ, ಕನ್ನಡಕ ಒರೆಸಿಕೊಂಡು, "ವೆರಾಂಡದಲ್ಲಿ ಕೂತ್ಕೊಳ್ಳಿ. ಯಾರು ಬೇಡ ಅಂತಾರೆ," ಎಂದರು. ಬಾಯಿಮಾತಿನ ಅಪ್ಪಣೆ. ಕಾಗದ ಪತ್ರವಿಲ್ಲ. ಮೂವತ್ತೆರಡು ವರ್ಷ ಕಾಗದ ಪತ್ರಗಳ ಮಧ್ಯೆಯೇ ಬದುಕಿದ ಜಯರಾಮಯ್ಯನವರು ಜೀವನದಲ್ಲಿ ಮೊದಲ ಸಲ ಬಾಯಿಮಾತನ್ನು ನಂಬಿದರು. ಮುಂದಿನ ಅನಾಹುತಗಳೆಲ್ಲ ಅದರಿಂದಲೇ ಹುಟ್ಟಿದವು.

ಕಾಲೇಜು ಅವರ ಮಟ್ಟಿಗೆ ಒಂದು ಕಚೇರಿ. ಕಚೇರಿಗೆ ಹೋಗುವಾಗ ಹೋಗುವ ಹಾಗೆಯೇ ಹೋಗಬೇಕು. ಪೆಟ್ಟಿಗೆ ಸೇರಿದ್ದ ಜರಿಪೇಟ ಹೊರಗೆ ಬಂತು. ಕುತ್ತಿಗೆಯವರೆಗೆ ಗುಂಡಿ ಹಾಕುವ ಕರಿಯ ಕೋಟು ಬಂತು. ಬೆಳಗಿನ ಪ್ಯಾಸೆಂಜರಿನಲ್ಲಿ ಅಂಬುಜ ಹೆಂಗಸರ ಡಬ್ಬಿಯಲ್ಲಿ, ಮಾವ ಪಕ್ಕದ ಡಬ್ಬಿಯಲ್ಲಿ. ತುಮಕೂರಿನ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅವಳು ಮುಂದೆ, ಇವರು ಇಪ್ಪತ್ತು ಹೆಜ್ಜೆ ಹಿಂದೆ. ಗುಬ್ಬಿಯಲ್ಲಿ ಎದುರು ಮನೆಯ ಅಲಮೇಲಮ್ಮ ಇವರು ಹೊರಡುವುದನ್ನು ನೋಡಿ, "ನಮ್ಮೋರು ನಿವೃತ್ತರಾದ ಮೇಲೆ ಜಗಲಿ ಬಿಟ್ಟು ಇಳೀಲಿಲ್ಲ. ಇವ್ರು ನೋಡಿ, ಮಗನ ಕ್ಲಾಸಿಗೆ ಸೇರ್ಕೊಂಡ್ರು," ಎಂದು ಬೀದಿಗೆಲ್ಲ ಹೇಳಿದರು. ಹಾಸ್ಯಕ್ಕೆಂದು ಹೇಳಿದ್ದು. ಹೇಳಿ ಮುಗಿಸಿದ ಮೇಲೆ ಅವರಿಗೇ ಒಂದು ಥರವಾಗಿ, ಅಂದು ಸಂಜೆ ಕೌಸಲ್ಯಮ್ಮನಿಗೆ ಒಂದು ಬಟ್ಟಲು ಹುಳಿ ತಂದುಕೊಟ್ಟರು.

ಜುಲೈ ತಿಂಗಳಲ್ಲಿ ವೆರಾಂಡಕ್ಕೆ ಎರಚಲು ಹೊಡೆಯತೊಡಗಿತು. ಅಟೆಂಡರ್ ಅಡವಿಯಪ್ಪ ಆ ಕಾಲೇಜು ಕಟ್ಟಿದಾಗಿನಿಂದ ಇದ್ದವನು. ಯಾರು ಎಲ್ಲಿ ಕೂರಬೇಕೆಂಬುದು ಅವನ ಇಲಾಖೆ. "ಇಲ್ಯಾಕೆ ನೆನೀತೀರಿ ಬುದ್ಧೀ, ಒಳೀಕ್ ಬನ್ನಿ," ಎಂದು ಕೊನೇ ಬೆಂಚು ತೋರಿಸಿದ. ಜಯರಾಮಯ್ಯನವರು ಒಳಗೆ ಕೂತರು.

ಕೂತಮೇಲೆ ಏನು ಮಾಡುವುದು? ಮಗನ ನೋಟುಬುಕ್ಕು ಅವರ ಚೀಲದಲ್ಲಿತ್ತು. ನೀಲಿ ರಟ್ಟಿನ ಪುಸ್ತಕ. ಹನ್ನೊಂದು ಪುಟ ತುಂಬಿತ್ತು. ಬೋರ್ಡಿನ ಮೇಲೆ ಮೇಷ್ಟರು ಬರೆದದ್ದು ಒಂದು ವರ್ಷದ ಹಿಂದೆ ಮಗ ಬರೆದುಕೊಂಡದ್ದೇ. ಅದೇ ಬಾಣದ ಗುರುತು, ಅದೇ ಇಳಿಜಾರು, ಅದೇ ಇಂಗ್ಲಿಷು. ಜಯರಾಮಯ್ಯನವರಿಗೆ ಒಂದಕ್ಷರ ಅರ್ಥವಾಗದಿದ್ದರೂ ಬೋರ್ಡಿನಲ್ಲಿ ಬಂದದ್ದು ಪುಟದಲ್ಲಿ ಎಲ್ಲಿದೆಯೆಂದು ಬೆರಳಿಟ್ಟು ಹುಡುಕುವುದು ಅಭ್ಯಾಸವಾಯಿತು. ಸಿಕ್ಕಿದಾಗ ಸಮಾಧಾನವಾಗುತ್ತಿತ್ತು.

ಆಗಸ್ಟ್ ತಿಂಗಳಲ್ಲಿ ಮೂರು ಸಂಗತಿಗಳಾದವು. ಮೃದು ಸ್ವಭಾವದ ಪ್ರಿನ್ಸಿಪಾಲರಿಗೆ ವರ್ಗವಾಗಿ ಶಿವರಾಮಯ್ಯ ಎಂಬುವರು ಬಂದರು. ಗಣಿತದ ಹಳೆಯ ಮೇಷ್ಟರು ಬೆಂಗಳೂರಿಗೆ ಹೋದರು; ಅವರ ಜಾಗಕ್ಕೆ ರುದ್ರಯ್ಯ ಎಂಬ ಇಪ್ಪತ್ತನಾಲ್ಕು ವರ್ಷದ ಹುಡುಗ, ಹುಲಿಯೂರುದುರ್ಗದವನು, ಟೆಂಪರರಿಯಾಗಿ ಬಂದ. ಮತ್ತು ಮಗನ ಹನ್ನೊಂದು ಪುಟ ಮುಗಿಯಿತು.

ಹನ್ನೆರಡನೆಯ ಪುಟ ಖಾಲಿ. ಜಯರಾಮಯ್ಯನವರು ಬಹಳ ಹೊತ್ತು ಆ ಬಿಳಿ ಹಾಳೆ ನೋಡಿದರು. ಆಮೇಲೆ ಕೋಟಿನ ಜೇಬಿನಿಂದ ಪೆನ್ನು ತೆಗೆದು, ಸಬ್‌ರಿಜಿಸ್ಟ್ರಾರ್ ಕಚೇರಿಯ ದುಂಡಗಿನ ಅಕ್ಷರದಲ್ಲಿ ಬೋರ್ಡಿನ ಮೇಲಿದ್ದದ್ದನ್ನು ನಕಲು ಮಾಡತೊಡಗಿದರು. ನಕಲು ಮಾಡುವುದೊಂದು ಅವರಿಗೆ ಚೆನ್ನಾಗಿ ಬರುತ್ತಿತ್ತು.

ಅದು ರುದ್ರಯ್ಯನ ಮೊದಲನೆಯ ಪಾಠ. ತಿರುಗಿ ನೋಡುತ್ತಾನೆ: ಕೊನೇ ಬೆಂಚಿನಲ್ಲಿ ಜರಿಪೇಟ, ಕರಿಯ ಕೋಟು, ಗಂಭೀರ ಮುಖ. ಮುದುಕರು ಪೆನ್ನು ತೆಗೆದು ಏನೋ ಬರೆದುಕೊಳ್ಳುತ್ತಿದ್ದಾರೆ. ರುದ್ರಯ್ಯನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಯೂನಿವರ್ಸಿಟಿಯವರು ಹೇಳದೆ ಕೇಳದೆ ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆಂದು ಅವನಿಗೆ ಯಾರೋ ಹೆದರಿಸಿದ್ದರು. ಮೊದಲನೇ ದಿನವೇ ಬರುತ್ತಾರೆಂದು ಹೇಳಿರಲಿಲ್ಲ.

ಪಾಠ ಮುಗಿದ ಮೇಲೆ ಹತ್ತಿರ ಬಂದು ಕೈಕಟ್ಟಿ ನಿಂತ. "ಸಾರ್, ಏನಾದ್ರೂ ತಿದ್ಕೋಬೇಕಾದ್ದಿದ್ರೆ..."

ಜಯರಾಮಯ್ಯನವರಿಗೆ ಗಾಬರಿಯಾಯಿತು. ಕಾಲೇಜಿನ ಮೇಷ್ಟರು ತಮ್ಮನ್ನು ಕೇಳುವುದೆಂದರೇನು. ಆದರೂ ಕೇಳಿದರಲ್ಲ ಎಂದು ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟರು: "ಸ್ವಲ್ಪ ನಿಧಾನವಾಗಿ ಹೇಳಿದ್ರೆ ಒಳ್ಳೇದು. ಹಿಂದೆ ಕೂತವ್ರಿಗೆ ತಿಳಿಯಲ್ಲ."

"ಖಂಡಿತ ಸಾರ್. ಮತ್ತೆ ನನ್ನ ಪಾಠ..."

"ನೋಡೋಣ," ಎಂದರು ಜಯರಾಮಯ್ಯ.

ಮೂವತ್ತೆರಡು ವರ್ಷದಲ್ಲಿ ಎಂಟು ಮಂದಿ ಸಬ್‌ರಿಜಿಸ್ಟ್ರಾರರ ಕೈಕೆಳಗೆ ಕೆಲಸ ಮಾಡಿ ಅವರು ಕಲಿತದ್ದು ಈ ಒಂದೇ ಮಾತು. ಆ ಎಂಟೂ ಜನ ಎದುರು ನಿಂತವರಿಗೆ ಹೀಗೆಯೇ, ಇಷ್ಟೇ ನಿಧಾನವಾಗಿ, ಕಿಟಕಿಯ ಕಡೆ ನೋಡುತ್ತಾ 'ನೋಡೋಣ' ಎನ್ನುತ್ತಿದ್ದರು. ರುದ್ರಯ್ಯನಿಗೆ ಇನ್ನು ಅನುಮಾನ ಉಳಿಯಲಿಲ್ಲ. ಅಧಿಕಾರವಿಲ್ಲದವನ ಬಾಯಲ್ಲಿ ಆ ಮಾತು ಹಾಗೆ ಬರುವುದಿಲ್ಲ.

ಮಾರನೆಯ ದಿನದಿಂದ ಪಾಠವೇ ಬೇರೆಯಾಯಿತು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಿದ್ದ. "ಗುಬ್ಬಿ ಸಂತೆಗೆ ತೆಂಗಿನಕಾಯಿ ಗಾಡಿ ಏರು ಹತ್ತುತ್ತಾ ಇದೆ ಅನ್ಕೊಳ್ಳಿ. ಈ ಗಾಡೀನ ನಾವು ಒಂದು ಚುಕ್ಕಿ ಅಂತ ಇಟ್ಕೊಳ್ಳೋಣ."

ಹಿಂದಿನಿಂದ ಒಂದು ದನಿ ಬಂತು. "ಎತ್ತು?"

"ಎತ್ತೂ ಸೇರಿ, ಸಾರ್."

"ಗಾಡಿ ಹೊಡೆಯೋನು?"

"ಅವನೂ ಸೇರಿ. ಲೆಕ್ಕಕ್ಕೆ ಬೇಕಾದ್ದು ಇಟ್ಕೊಂಡು, ಬೇಡದ್ದು ಬಿಡೋದು, ಸಾರ್. ಅದೇ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್."

ಜಯರಾಮಯ್ಯನವರು ಪೆನ್ನು ಕೆಳಗಿಟ್ಟರು. "ಬೇಡದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

ರುದ್ರಯ್ಯ ಬೋರ್ಡಿನ ಕಡೆ ತಿರುಗಿದವನು ಹಾಗೆಯೇ ನಿಂತ. ಎಂ.ಎಸ್ಸಿ.ಯಲ್ಲಿ ಯಾರೂ ಅವನನ್ನು ಅದನ್ನು ಕೇಳಿರಲಿಲ್ಲ. "ನಾಳೆ ಹೇಳ್ತೀನಿ, ಸಾರ್," ಎಂದ. ಮಾರನೆಯ ದಿನ ಒಂದು ಗಂಟೆ ಪೂರ್ತಿ ಅದನ್ನೇ ಹೇಳಿದ. ಎಸೆದ ಕಲ್ಲಿಗೆ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ, ಎಸೆದ ಕಾಗದಕ್ಕೆ ಹಿಡಿಯಲೇಬೇಕು, ಯಾಕೆ. ಬಾವಿಯ ರಾಟೆಯಲ್ಲಿ ಹಗ್ಗದ ತೂಕ ಯಾವಾಗ ಬಿಡಬಹುದು, ಯಾವಾಗ ಬಿಟ್ಟರೆ ಕೆಟ್ಟೆ. ಅಂದು ನಲವತ್ತೂ ಜನಕ್ಕೆ ಅರ್ಥವಾಯಿತು. ಅಂಬುಜ ಮನೆಗೆ ಬಂದು ಬಾವಿಯ ಹತ್ತಿರ ನಿಂತು ರಾಟೆಯನ್ನು ಹೊಸದಾಗಿ ನೋಡಿದಳು. ಒಂದು ವರ್ಷದ ಮೇಲೆ ಆ ಹುಡುಗಿಯ ಮುಖದಲ್ಲಿ ಏನೋ ಆಡಿದ್ದನ್ನು ಕೌಸಲ್ಯಮ್ಮ ಅಡಿಗೆಮನೆಯಿಂದ ಕಂಡರು.

ಇತ್ತ ಸುದ್ದಿಯನ್ನು ಬೆಳೆಸುವ ಕೆಲಸ ಅಡವಿಯಪ್ಪನ ಪಾಲಿಗೆ ಬಂತು. ಮಳೆಗೆ ನೆನೆಯುತ್ತಿದ್ದವರನ್ನು ಒಳಗೆ ಕೂರಿಸಿದವನು ತಾನೇ ಎಂಬುದನ್ನು ಅವನು ಮರೆತುಬಿಟ್ಟಿದ್ದ. "ನಂಗೆ ಮೊದ್ಲೇ ಗೊತ್ತಿತ್ತು ಬುಡಿ. ಸುಮ್ಕೆ ಯಾರಾದ್ರೂ ಬಂದು ಕೂತ್ಕತಾರಾ? ಮೈಸೂರಿಂದ ಕಳಿಸವ್ರೆ," ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ. ಬೆಂಚು ಹೋಗಿ ಕೈಯಿರುವ ಕುರ್ಚಿ ಬಂತು. ಹನ್ನೊಂದು ಗಂಟೆಗೆ ಕಾಫಿ ಬಂತು. ಕೆಮಿಸ್ಟ್ರಿಯವರು ಹೊಸ ಕೋಟು ಹೊಲಿಸಿದರು. ಒಂದು ದಿನ ಬಂದು ಹೋಗುವವರು ಸಣ್ಣ ಇನ್‌ಸ್ಪೆಕ್ಟರು. ದಿನಾ ಬರುವವರು ಇನ್ನೆಷ್ಟು ದೊಡ್ಡವರಿರಬೇಕೆಂದು ಎಲ್ಲರೂ ತರ್ಕ ಮಾಡಿದರು. ಹೊಸ ಪ್ರಿನ್ಸಿಪಾಲ್ ಶಿವರಾಮಯ್ಯನವರು ಖುದ್ದಾಗಿ ಬಂದು, ಸೋರುವ ಸೂರು ತೋರಿಸಿ, "ತಾವು ಮೇಲಿನವರಿಗೆ ಒಂದು ಮಾತು ಹಾಕಬೇಕು," ಎಂದರು. ಜಯರಾಮಯ್ಯನವರು ಸೂರು ನೋಡಿ, "ನೋಡೋಣ," ಎಂದರು.

ವಿದ್ಯಾರ್ಥಿಗಳಿಗೆಲ್ಲ ಇವರು ಅಂಬುಜಳ ಮಾವನೆಂದು ಜೂನ್ ತಿಂಗಳಿಂದಲೂ ಗೊತ್ತಿತ್ತು. ಆದರೆ ಕಾಲೇಜುಗಳಲ್ಲಿ ವಿದ್ಯಾರ್ಥಿಗಳನ್ನು ಯಾರೂ ಏನೂ ಕೇಳುವುದಿಲ್ಲ. ಅದೂ ಅಲ್ಲದೆ ಪಾಠ ಚೆನ್ನಾಗಿ ನಡೆಯುತ್ತಿತ್ತು.

ಎಲ್ಲರೂ ತಮ್ಮನ್ನು ಅಧಿಕಾರಿ ಎಂದುಕೊಂಡಿದ್ದಾರೆಂದು ಜಯರಾಮಯ್ಯನವರಿಗೆ ತಿಳಿದದ್ದು ದಸರಾ ರಜೆ ಮುಗಿದ ಮೇಲೆ. ಕಾಫಿ ಕೊಡುತ್ತಾ ಅಡವಿಯಪ್ಪನೇ, "ಬುದ್ಧೀ, ನಂದೊಂದು ಪ್ರಮೋಷನ್ನು, ಯೂನಿವರ್ಸಿಟೀಲಿ ಯೋಳಿ," ಎಂದ. ಅವರು ಬಟ್ಟಲು ಕೆಳಗಿಟ್ಟರು. ವಾಪಸು ಬರುವಾಗ ಗುಬ್ಬಿ ಸ್ಟೇಷನ್ನಿನಲ್ಲಿ ಅಂಬುಜ ಹತ್ತಿರ ಬಂದು ಮೆಲ್ಲಗೆ, "ಮಾವ, ನಾಳೆ ಹೇಳಿಬಿಡಿ. ತಪ್ಪಾಗುತ್ತೆ," ಎಂದಳು. ಅವಳಿಗೂ ಗೊತ್ತಾಗಿತ್ತು.

ಹೇಳಬೇಕೆಂದೇ ಮಾರನೆಯ ದಿನ ಹೋದರು. ಆದರೆ ಬಾಗಿಲಲ್ಲಿ ಕಾಲಿಟ್ಟಾಗ ರುದ್ರಯ್ಯ ಪಾಠ ನಿಲ್ಲಿಸಿ ನಮಸ್ಕಾರ ಮಾಡಿದ, ನಲವತ್ತು ಜನ ಎದ್ದು ನಿಂತರು. ಗುಬ್ಬಿಯ ಕಚೇರಿಯಲ್ಲಿ ಮೂವತ್ತೆರಡು ವರ್ಷ ಬಂದವರಿಗೆಲ್ಲ ಎದ್ದು ನಿಂತವರು ಜಯರಾಮಯ್ಯ. ಅವರು ಬಂದಾಗ ಒಂದು ಬೆಕ್ಕೂ ಎದ್ದಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಕುರ್ಚಿಯಲ್ಲಿ ಕೂತರು.

ಹೀಗೆ ನಾಳೆಗಳು ಹೋಗುತ್ತಿದ್ದಾಗ ನವೆಂಬರ್ ಬಂತು. ಪೇಪರಿನಲ್ಲೆಲ್ಲ ಚೀನಾ ಯುದ್ಧದ ಸುದ್ದಿ. ರುದ್ರಯ್ಯ ಒಂದು ಕಾಗದ ಹಿಡಿದುಕೊಂಡು ವೆರಾಂಡಕ್ಕೆ ಬಂದ. ಹಾಸನದ ಕಡೆ ಒಂದು ಹೈಸ್ಕೂಲಿನಲ್ಲಿ ಅವನಿಗೆ ಖಾಯಂ ಕೆಲಸ ಸಿಕ್ಕಿತ್ತು.

"ನನ್ನ ತಾಯಿ ಒಬ್ಬರೇ ಇದಾರೆ ಸಾರ್, ಹುಲಿಯೂರುದುರ್ಗದಲ್ಲಿ. ಖಾಯಂ ಆದ್ರೆ ಅವರನ್ನ ಕರ್ಕೊಂಡು ಬಂದು ಇಟ್ಕೋಬೇಕು. ಇಲ್ಲಿ ಪಾಠ ಬಿಟ್ಟು ಹೋಗೋಕೆ ಮನಸ್ಸಿಲ್ಲ. ಆದ್ರೆ ಇಲ್ಲಿ ಟೆಂಪರರಿ. ತಾವು ಒಂದು ಮಾತು ಹೇಳಿದ್ರೆ..."

'ನೋಡೋಣ' ಎಂದಿದ್ದರೂ ಹುಡುಗ ಬದುಕಿಕೊಳ್ಳುತ್ತಿದ್ದ. ಆದರೆ ಜಯರಾಮಯ್ಯನವರ ಕಣ್ಣ ಮುಂದೆ ಖಾಲಿ ಪುಟಗಳು ಬಂದವು. ಇವನು ಹೋದರೆ ಬರೆಯಲು ಬೋರ್ಡಿನ ಮೇಲೆ ಏನಿರುತ್ತದೆ. ಅಂಬುಜಳಿಗೆ ಯಾರು ಹೇಳಿಕೊಡುತ್ತಾರೆ.

"ಹೋಗಬೇಡಿ ಮೇಷ್ಟ್ರೇ," ಎಂದರು. "ಇಲ್ಲೇ ಆಗುತ್ತೆ."

ರುದ್ರಯ್ಯ ಬಗ್ಗಿ ಅವರ ಕಾಲು ಮುಟ್ಟಿದ. ಅಂದೇ ಹಾಸನದವರಿಗೆ ಬರುವುದಿಲ್ಲವೆಂದು ಬರೆದು ಹಾಕಿದ. ಜಯರಾಮಯ್ಯನವರು ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಸೊಸೆಗೂ ಇದನ್ನು ಹೇಳಲಿಲ್ಲ.

ಫೆಬ್ರವರಿಯಲ್ಲಿ ನಿಜವಾದ ಇನ್‌ಸ್ಪೆಕ್ಷನ್ ಕಮಿಷನ್ ಬಂತು. ಮೂರು ಜನ, ಎರಡು ಜಟಕಾ. ಗೇಟಿನಲ್ಲಿ ಅಡವಿಯಪ್ಪ ಅವರನ್ನು ತಡೆದು, "ಯಾರ್ನ ನೋಡ್ಬೇಕಿತ್ತು? ಇವತ್ತಾಗಕಿಲ್ಲ. ಇನ್‌ಸ್ಪೆಟ್ರು ಒಳಗವ್ರೆ," ಎಂದ. ಆ ಮೂವರಲ್ಲಿ ಹಿರಿಯರಾದ ಏಕಾಂತಯ್ಯ ಎಂಬುವರು, "ಯಾವ ಇನ್‌ಸ್ಪೆಕ್ಟರು?" ಎಂದು ಕೇಳಿದರು. "ದಿನಾ ಬರೋರು," ಎಂದು ಅಡವಿಯಪ್ಪ ಕನಿಕರದಿಂದ ವಿವರಿಸಿದ. ಅಷ್ಟರಲ್ಲಿ ಪ್ರಿನ್ಸಿಪಾಲರು ಓಡಿ ಬಂದು, ಬಂದವರನ್ನು ನೇರವಾಗಿ ಗಣಿತದ ತರಗತಿಗೆ ಕರೆದುಕೊಂಡು ಹೋದರು. ಅಲ್ಲಿ ಇವರಿಗಿಂತ ದೊಡ್ಡವರಿದ್ದಾರೆ, ಪರಿಚಯ ಮಾಡಿಸಿದರೆ ಎಲ್ಲರಿಗೂ ಅನುಕೂಲವೆಂದು ಅವರ ಲೆಕ್ಕ.

"ನಿಮ್ಮವರೇ," ಎಂದು ಜಯರಾಮಯ್ಯನವರ ಕಡೆ ಕೈ ತೋರಿಸಿದರು.

ಏಕಾಂತಯ್ಯನವರು ಕನ್ನಡಕ ಏರಿಸಿ ನೋಡಿದರು. "ನಮ್ಮವರಲ್ಲ."

ಪ್ರಿನ್ಸಿಪಾಲರ ನಗು ಮುಖದ ಮೇಲೆ ಹಾಗೆಯೇ ಉಳಿಯಿತು. ತೆಗೆಯುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. "ತಾವು ಯಾರು?" ಎಂದು ಏಕಾಂತಯ್ಯನವರು ಕೇಳಿದರು. ಕೇಳಿದ್ದು ಮರ್ಯಾದೆಯಿಂದಲೇ.

ಜಯರಾಮಯ್ಯನವರು ಎದ್ದು ನಿಂತರು. ಅಭ್ಯಾಸದಂತೆ ಕುರ್ಚಿಯನ್ನು ಬಂದವರ ಕಡೆ ಸರಿಸಿದರು. "ನಾನು ಅಂಬುಜನ ಮಾವ," ಎಂದರು.

ನಲವತ್ತು ವಿದ್ಯಾರ್ಥಿಗಳು ನೆಲ ನೋಡಿದರು. ಅಂಬುಜ ಮುಂದಿನ ಬೆಂಚಿನಲ್ಲಿ ತಲೆ ಎತ್ತಲಿಲ್ಲ. ರುದ್ರಯ್ಯ ಬೋರ್ಡಿನ ಹತ್ತಿರ, ಸೀಮೆಸುಣ್ಣ ಹಿಡಿದ ಕೈಯನ್ನು ಮೇಲೆತ್ತಿಕೊಂಡೇ ನಿಂತಿದ್ದ. ಅವನು ಯಾರನ್ನೂ ನೋಡುತ್ತಿರಲಿಲ್ಲ.

ಶಿವರಾಮಯ್ಯನವರು ಕೂಗಾಡಲಿಲ್ಲ, ಅವರಿಗೆ ನಾಚಿಕೆಯೇ ಹೆಚ್ಚಾಗಿತ್ತು. ಹೊರಗಿನವರು ತರಗತಿಯಲ್ಲಿ ಕೂರಬಾರದೆಂದು ಒಂದು ನೋಟೀಸು ಹಾಕಿದರು. ಕಮಿಷನ್ನಿನವರು ರುದ್ರಯ್ಯನ ಪಾಠ ಬಹಳ ಚೆನ್ನಾಗಿದೆಯೆಂದು ಬರೆದರು. ಅದರ ಕೆಳಗೇ, ಇಷ್ಟು ಕಡಮೆ ವಿದ್ಯಾರ್ಥಿಗಳಿಗೆ ಗಣಿತಕ್ಕೆ ಇನ್ನೊಂದು ಖಾಯಂ ಹುದ್ದೆಯ ಅಗತ್ಯವಿಲ್ಲವೆಂದೂ ಬರೆದರು. ಮಾರ್ಚಿನ ಮೊದಲ ವಾರ ರುದ್ರಯ್ಯ ತನ್ನ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋದ.

ಕಮಿಷನ್ ಬಂದ ದಿನ ಮಾವ ಸೊಸೆ ರೈಲಿಳಿಯುವ ಮುಂಚೆಯೇ ಸುದ್ದಿ ಗುಬ್ಬಿಗೆ ತಲುಪಿತ್ತು. ಜಯರಾಮಯ್ಯ ಅಧಿಕಾರಿಯ ವೇಷ ಹಾಕಿ ಸಿಕ್ಕಿಬಿದ್ದರಂತೆ, ಪೊಲೀಸರು ಬರುತ್ತಾರಂತೆ. ಅಲಮೇಲಮ್ಮ ಎರಡು ದಿನ ಜಗಲಿಯಲ್ಲೇ ಕೂತು ಪೊಲೀಸರನ್ನು ಕಾದರು. ಬಂದವರು ಸೀತಾರಾಮಯ್ಯನವರು.

"ಇನ್ನು ಸಾಕು," ಎಂದರು. "ನೀನು ಹೋಗೋ ಹಾಗಿಲ್ಲ, ಅವಳೊಬ್ಬಳೇ ಹೋಗೋ ಹಾಗಿಲ್ಲ. ಪುಸ್ತಕ ಎತ್ತಿಡಿ."

ಜಯರಾಮಯ್ಯನವರು ತಲೆ ತಗ್ಗಿಸಿದರು. ಅಂಬುಜ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅಡಿಗೆಮನೆಯಿಂದ ಕೌಸಲ್ಯಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಭಾವನವರ ಎದುರು ಅವರು ಇಪ್ಪತ್ತೈದು ವರ್ಷದಲ್ಲಿ ಮಾತಾಡಿದ್ದಿಲ್ಲ.

"ಅವಳು ಒಬ್ಬಳೇ ಹೋಗ್ತಾಳೆ," ಎಂದರು. "ನಾನು ಡಬ್ಬಿ ಕಟ್ಟಿ ಕೊಡ್ತೀನಿ. ಭಾವನವರ ಎಲೆ ಹಾಕಿದೆ, ಏಳಲಿ."

ಸೀತಾರಾಮಯ್ಯನವರು ಎದ್ದು ಊಟಕ್ಕೆ ಕೂತರು. ಬೇರೆ ಏನು ಮಾಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಆದರೆ ರುದ್ರಯ್ಯನಿಗೆ ಕೊಟ್ಟಿದ್ದ ಮಾತನ್ನು ಜಯರಾಮಯ್ಯನವರು ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ. ಒಂದು ಭಾನುವಾರ ಯಾರಿಗೂ ಹೇಳದೆ ತುಮಕೂರಿಗೆ ಹೋಗಿ, ಕುಣಿಗಲ್ ಬಸ್ಸು ಹತ್ತಿ, ಅಲ್ಲಿಂದ ಹುಲಿಯೂರುದುರ್ಗದ ಬಸ್ಸು ಹಿಡಿದರು. ಬೆಟ್ಟದ ಬುಡದಲ್ಲಿ ವಿಚಾರಿಸಿಕೊಂಡು ಒಂದು ಹೆಂಚಿನ ಮನೆಯ ಮುಂದೆ ನಿಂತರು. ಪೇಟ ಹಾಕಿರಲಿಲ್ಲ. ಆದರೂ ರಾಗಿ ಕೇರುತ್ತಿದ್ದ ಮುದುಕಿ ನಿಂಗಮ್ಮ ಮೊರ ಕೆಳಗಿಟ್ಟು, ಕರಿಯ ಕೋಟು ನೋಡಿ, ಅರ್ಧ ಮಾತಿನಲ್ಲೇ ಅವರನ್ನು ಗುರುತು ಹಿಡಿದಳು.

"ತುಮ್ಕೂರಿಂದ ಬಂದ್ರಾ? ದೊಡ್ಡ ಇನ್‌ಸ್ಪೆಟ್ರು ನೀವೇಯಾ? ನಮ್ ರುದ್ರ ಹೇಳ್ತಾನೇ ಇದ್ದ, ಅವ್ರು ಮಾತು ಕೊಟ್ಟವ್ರೆ ಕಣವ್ವ ಅಂತ. ಈಗ ಬಂದವ್ನೆ, ಬಾಯೇ ಬಿಡಕಿಲ್ಲ. ರಜ ಅಂತಾನೆ. ಆರ್ಡ್ರು ತಂದ್ರಾ ಬುದ್ಧೀ?"

ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಚಾಪೆ ತಂದು ಹಾಸಿದಳು. ಹಿತ್ತಲಿಂದ ಎಳನೀರು ಕೊಯ್ದು ತಂದಳು. ಪಕ್ಕದ ಮನೆಯವಳನ್ನು ಕೂಗಿ, "ಬಂದವ್ರೆ ನೋಡು," ಎಂದಳು. ಜಯರಾಮಯ್ಯನವರು ಎಳನೀರು ಕೈಯಲ್ಲಿ ಹಿಡಿದು ಕೂತರು. ಬರುವಾಗ ಬಸ್ಸಿನಲ್ಲಿ ಕ್ಷಮಾಪಣೆಯ ಮಾತುಗಳನ್ನು ಅರ್ಜಿಯ ಹಾಗೆ ಒಂದು, ಎರಡು, ಮೂರು ಎಂದು ಜೋಡಿಸಿಕೊಂಡಿದ್ದರು. ಒಂದೂ ನೆನಪಾಗಲಿಲ್ಲ.

"ನಾನು ಇನ್‌ಸ್ಪೆಕ್ಟರ್ ಅಲ್ಲ ಕಣಮ್ಮ," ಎಂದರು. "ನಾನು ಯಾರೂ ಅಲ್ಲ. ಆರ್ಡರೂ ಇಲ್ಲ. ನನ್ನ ಮಾತು ನಂಬಿ ನಿಮ್ಮ ಮಗ ಸಿಕ್ಕಿದ್ದ ಕೆಲಸ ಬಿಟ್ಟ."

ನಿಂಗಮ್ಮ ಅರ್ಥವಾಗದೆ ಪಕ್ಕದ ಮನೆಯವಳನ್ನು ನೋಡಿದಳು, ಮತ್ತೆ ಇವರನ್ನು ನೋಡಿದಳು. "ಯಾರೂ ಅಲ್ದೆ ಇದ್ರೆ ಅಲ್ಲಿ ಯಾಕೆ ಕೂತಿದ್ರಿ, ದಿನಾ ದಿನಾ?"

"ಸೊಸೆ ಜೊತೆ ಹೋಗ್ತಿದ್ದೆ," ಎಂದರು. ಎಳನೀರನ್ನು ಚಾಪೆಯ ಪಕ್ಕಕ್ಕಿಟ್ಟು, "ನನಗೊಬ್ಬ ಮಗ ಇದ್ದ. ಅವನು ಓದ್ತಿದ್ದ ಪಾಠ ಅದು," ಎಂದರು. ಈ ಮಾತನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ತಮಗೇ ಹೇಳಿಕೊಂಡಿರಲಿಲ್ಲ.

ಪಕ್ಕದ ಮನೆಯವಳು ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋದಳು. ನಿಂಗಮ್ಮ ಬಹಳ ಹೊತ್ತು ಮೊರದಲ್ಲಿದ್ದ ರಾಗಿಯನ್ನು ಬೆರಳಿನಿಂದ ಆಚೆ ಈಚೆ ಮಾಡಿದಳು.

"ಎಳ್ನೀರು ಕುಡೀರಿ," ಎಂದಳು ಕೊನೆಗೆ. "ಬಿಸಿಲಲ್ಲಿ ಬಂದಿದೀರಿ."

ರುದ್ರಯ್ಯ ಹೊಲದಿಂದ ಬಂದವನು ಇವರನ್ನು ಕಂಡು ಬಾಗಿಲಲ್ಲೇ ನಿಂತ. ಕೋಪಿಸಿಕೊಳ್ಳಲಿಲ್ಲ, ಪರವಾಗಿಲ್ಲವೆಂದೂ ಹೇಳಲಿಲ್ಲ. "ನಾಲ್ಕು ಗಂಟೆಗೆ ಬಸ್ಸಿದೆ. ಅದು ತಪ್ಪಿದ್ರೆ ಇಲ್ಲ," ಎಂದ. ಬಸ್ ನಿಲ್ಲುವ ಆಲದ ಮರದವರೆಗೆ ಜೊತೆಯಲ್ಲಿ ಬಂದ. ಬಸ್ಸು ಕಾಣಿಸಿದಾಗ ಕೇಳಿದ:

"ನಿಮಗೆ ಪಾಠ ಅರ್ಥ ಆಗ್ತಿತ್ತಾ?"

"ಮೊದಮೊದಲು ಇಲ್ಲ," ಎಂದರು ಜಯರಾಮಯ್ಯ. "ನೀವು ಗಾಡಿ ಲೆಕ್ಕ ಹೇಳಿದ ಮೇಲೆ ಆಗ್ತಿತ್ತು."

ರುದ್ರಯ್ಯ ಬೆಟ್ಟದ ಕಡೆ ಮುಖ ತಿರುಗಿಸಿಕೊಂಡ. ಬಸ್ಸು ಹೊರಟಾಗಲೂ ತಿರುಗಲಿಲ್ಲ. ಮುಂದಿನ ವರ್ಷ ಅವನಿಗೆ ಮಾರ್ಕೋನಹಳ್ಳಿಯ ಕಡೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಕೇಳಿದರು. ಅವನಾಗಿ ಎಂದೂ ಕಾಗದ ಬರೆಯಲಿಲ್ಲ. ಅಂಬುಜ ಉಳಿದ ಎರಡು ವರ್ಷವೂ ಒಬ್ಬಳೇ ಓಡಾಡಿ ಡಿಗ್ರಿ ಮಾಡಿಕೊಂಡಳು, ಕುಣಿಗಲ್ಲಿನ ಶಾಲೆಗೇ ಟೀಚರಾಗಿ ಹೋದಳು, ಸೀತಾರಾಮಯ್ಯನವರು ಸಿಕ್ಕಿದವರಿಗೆಲ್ಲ 'ನಮ್ಮ ಮನೆಯ ಬಿ.ಎಸ್ಸಿ.' ಎಂದು ತಲೆ ಎತ್ತಿಕೊಂಡು ತೋರಿಸಿದರು. ಅದೆಲ್ಲ ಆಮೇಲಿನ ಮಾತು.

ದುರ್ಗದಿಂದ ಬಂದ ಮಾರನೆಯ ದಿನ ಸೋಮವಾರ. ಜಯರಾಮಯ್ಯನವರು ಅಂಬುಜಳನ್ನು ಗುಬ್ಬಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ, ಒಬ್ಬರೇ ಮನೆಗೆ ಬಂದು ನಡುಮನೆಯಲ್ಲಿ ಕೂತರು. ಎಲ್ಲಿಗೂ ಹೋಗುವುದಿರಲಿಲ್ಲ. ಕೌಸಲ್ಯಮ್ಮ ಕಾಫಿ ತಂದಿಟ್ಟು, ಒಳಗೆ ಹೋಗದೆ ಕಂಬಕ್ಕೊರಗಿ ಕೂತರು.

"ಪಟ್ಟಾಭಿ ಏನು ಓದ್ತಿದ್ದ, ಅಲ್ಲಿ?" ಎಂದು ಕೇಳಿದರು.

ಮಗ ಹೋದಮೇಲೆ ಅವರ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಜಯರಾಮಯ್ಯನವರು ಗಾಬರಿಯಿಂದ ಸುತ್ತ ನೋಡಿದರು, ಏನಾದರೂ ಸುಲಭವಾದದ್ದು ಸಿಗುತ್ತದೆಯೇ ಎಂದು. ಮುಂದೆ ಕಾಫಿ ಇತ್ತು. ಕಮಿಷನ್ ಬರುವ ಹಿಂದಿನ ವಾರ ರುದ್ರಯ್ಯ ಹೇಳಿದ್ದ ಪಾಠ ನೆನಪಾಯಿತು; ಮಗನ ಹನ್ನೊಂದು ಪುಟ ಅಲ್ಲಿಯವರೆಗೆ ಬಂದಿರಲಿಲ್ಲ.

"ಈಗ ಈ ಕಾಫಿ ಬಿಸಿ ಇದೆ. ಇದು ಹೇಗೆ ಆರುತ್ತೆ ಅಂತ ಒಂದು ಲೆಕ್ಕ."

"ಆರೋದಕ್ಕೂ ಲೆಕ್ಕ ಇದೆಯೆ?"

"ಇದೆ. ಮೊದಲು ಬೇಗ ಬೇಗ ಆರುತ್ತೆ. ಆಮೇಲೆ ನಿಧಾನ ಆಗುತ್ತೆ. ಹೋಗ್ತಾ ಹೋಗ್ತಾ ಇನ್ನೂ ನಿಧಾನ."

"ಕೊನೆಗೆ?"

"ಕೊನೆ ಅಂತ ಇಲ್ವಂತೆ. ಮುಟ್ಟಿ ನೋಡಿದ್ರೆ ತಣ್ಣಗಿರುತ್ತೆ. ಆದ್ರೆ ಲೆಕ್ಕದ ಪ್ರಕಾರ ಒಂದಿಷ್ಟು ಬಿಸಿ ಉಳ್ಕೊಂಡೇ ಇರುತ್ತೆ. ಪೂರ್ತಿ ಆರೋದೇ ಇಲ್ಲ."

ಕೌಸಲ್ಯಮ್ಮ ಕಾಫಿಯ ಲೋಟವನ್ನೇ ನೋಡುತ್ತಿದ್ದರು. "ಇಂಥಾದ್ದು ಓದ್ತಿದ್ನಾ," ಎಂದರು. "ಅನ್ನ ಆರಿಹೋಗುತ್ತೆ ಬಾರೋ, ಬಾರೋ ಅಂತ ನಾನು ಕೂಗ್ತಾನೇ ಇರ್ತಿದ್ದೆ. ಬಂದೆ ಅಮ್ಮ ಅನ್ನೋನು, ಏಳ್ತಿರಲಿಲ್ಲ. ಒಂದು ದಿನ ಕೋಪ ಬಂದು ತಟ್ಟೆ ಎತ್ತಿಟ್ಟುಬಿಟ್ಟೆ."

ಜಯರಾಮಯ್ಯನವರು ಲೋಟ ಎತ್ತಿದರು, ಕುಡಿಯಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದರು ಕೌಸಲ್ಯಮ್ಮ.

ಅವರು ಲೋಟವನ್ನು ಇಬ್ಬರ ನಡುವೆ ಇಟ್ಟುಕೊಂಡು ಮೊದಲಿನಿಂದ ಹೇಳತೊಡಗಿದರು.